ಮೊದಲು ಕಿಟಕಿ, ಆಮೇಲೆ ಬೆಕ್ಕು

ಈ ಸಲ ಬಂದ ಪತ್ರಗಳಲ್ಲಿ ಬೆಕ್ಕಿನ ಬಗ್ಗೆಯೇ ಜಾಸ್ತಿ. ಆರು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದದ ಉತ್ತರ ಬೇಕಿತ್ತು, ಉದ್ದವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನಾವು ಜೆ.ಪಿ. ನಗರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು. ರಸ್ತೆಯಿಂದ ರೆಸ್ಕ್ಯೂ ಮಾಡಿದ ಒಂದು ವರ್ಷದ ಹೆಣ್ಣು ಬೆಕ್ಕನ್ನು ದತ್ತು ತಗೊಳ್ಳಲು ಒಪ್ಪಿದ್ದೇವೆ. ಇನ್ನು ಎರಡು ವಾರಕ್ಕೆ ಬರುತ್ತದೆ. ಮಗಳು ಆನ್‌ಲೈನ್‌ನಲ್ಲಿ ನೋಡಿ ಪಟ್ಟಿ ಮಾಡಿದ್ದಾಳೆ. ಮೆತ್ತನೆಯ ಹಾಸಿಗೆ, ಹತ್ತಿ ಕೂರುವ ಸ್ಟ್ಯಾಂಡ್, ನೀರಿನ ಕಾರಂಜಿ, ಗೆಜ್ಜೆ ಇರುವ ಕಾಲರ್, ಒಂದು ಜೊತೆ ಬಟ್ಟೆ. ಲೆಕ್ಕ ಹಾಕಿದರೆ ಹದಿನೈದು ಸಾವಿರ ದಾಟುತ್ತಿದೆ. ಇದೆಲ್ಲ ನಿಜವಾಗಿ ಬೇಕಾ? ಮೊದಲು ಏನು ತರಬೇಕು?

ಉತ್ತರ: ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಬಾಲ್ಕನಿಗೆ ಹೋಗಿ ನಿಲ್ಲಿ. ಆಮೇಲೆ ಅಡುಗೆಮನೆ ಕಿಟಕಿ, ಬಚ್ಚಲಿನ ವೆಂಟಿಲೇಟರ್, ಬಟ್ಟೆ ಒಣಗಿಸುವ ಯುಟಿಲಿಟಿ, ಎಲ್ಲವನ್ನೂ ಒಂದು ಸುತ್ತು ನೋಡಿ ಬನ್ನಿ. ತಲೆ ತೂರಿತು ಅಂದರೆ ಬೆಕ್ಕಿನ ಮೈಯೂ ತೂರುತ್ತದೆ. ಕಿಟಕಿಯ ಕಬ್ಬಿಣದ ಸರಳುಗಳ ನಡುವೆ ಅದು ಆರಾಮಾಗಿ ಹೋಗಿಬಿಡುತ್ತದೆ. ಸೊಳ್ಳೆಗೆ ಅಂತ ಹಾಕಿಸಿದ ಪ್ಲಾಸ್ಟಿಕ್ ಜಾಲರಿ ಅದರ ಉಗುರಿಗೆ ತಡೆಯುವುದಿಲ್ಲ.

ಏಳು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಪುಟ್ಟಿ ಅಂತ ಬೆಕ್ಕಿತ್ತು. ಬಾಲ್ಕನಿಗೆ ಪಾರಿವಾಳದ ನೆಟ್ ಹಾಕಿಸಿದ್ದೆ. ಹಾಕಲು ಬಂದವರು ಕೆಳಗಿನ ಅಂಚಿಗೆ ಎರಡೆರಡು ಅಡಿಗೆ ಒಂದು ಹುಕ್ ಹೊಡೆದು ಹೋಗಿದ್ದರು. ನಾನೂ ಎಳೆದು ನೋಡಲಿಲ್ಲ. ಒಂದು ಬೆಳಿಗ್ಗೆ ಆಚೆಗೆ ಅಳಿಲು ಬಂತು, ಪುಟ್ಟಿ ನೆಟ್ ಅಡಿಯಿಂದ ನುಸುಳಿ ಮೂರನೇ ಮಹಡಿಯಿಂದ ಬಿದ್ದಳು. ದವಡೆ ಮುರಿದಿತ್ತು, ಶ್ವಾಸಕೋಶಕ್ಕೆ ಪೆಟ್ಟಾಗಿತ್ತು. ಎರಡು ದಿನ ಇದ್ದಳು, ಅಷ್ಟೇ. ಬೆಕ್ಕು ಎಷ್ಟೇ ಎತ್ತರದಿಂದ ಬಿದ್ದರೂ ಏನೂ ಆಗಲ್ಲ ಅಂತ ಎಲ್ಲರೂ ಹೇಳುತ್ತಾರಲ್ವಾ, ಅದನ್ನು ನಂಬಬೇಡಿ. ಗಾಳಿಯಲ್ಲಿ ಮೈ ತಿರುಗಿಸಿಕೊಂಡು ಕಾಲ ಮೇಲೆ ಬೀಳುವುದು ನಿಜ. ಆದರೆ ಕೆಳಗೆ ಇರುವುದು ಸಿಮೆಂಟು. ಎದೆ, ಗದ್ದ, ಕಾಲು ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಹಾಗಾಗಿ ನಿಮ್ಮ ದುಡ್ಡಿನ ಮೊದಲ ಪಾಲು ನೆಟ್‌ಗೆ ಹೋಗಲಿ. ದಪ್ಪ ನೈಲಾನ್ ನೆಟ್ ಆದರೆ ನಾಲ್ಕೂ ಬದಿಗೆ ಅರ್ಧ ಅಡಿಗೊಂದು ಹುಕ್ ಇರಬೇಕು. ಕೆಲಸದವರು ಇನ್ನೂ ಅಲ್ಲೇ ಇರುವಾಗಲೇ ನೀವು ಕೆಳಗಿನ ಅಂಚನ್ನು ಕೈಯಿಂದ ಜೋರಾಗಿ ಎಳೆದು ನೋಡಿ. ಕಿಟಕಿಗಳಿಗೆ ಚೌಕಟ್ಟು ಮಾಡಿಸಿ ಸ್ಟೀಲ್ ಜಾಲರಿ ಹಾಕಿಸಿದರೆ ಇನ್ನೂ ಒಳ್ಳೆಯದು. ಬಾಡಿಗೆ ಮನೆ ಅಂದಿರಿ, ಸ್ಕ್ರೂ ಬಿಚ್ಚಿ ತಗೊಂಡು ಹೋಗುವ ಹಾಗೆ ಮಾಡಿಸಿಕೊಳ್ಳಿ. ಮನೆ ಓನರ್‌ಗೆ ಮೊದಲೇ ಹೇಳಿ. ಬೆಂಗಳೂರಿನಲ್ಲಿ ಬೆಕ್ಕು ದತ್ತು ಕೊಡುವವರು ತುಂಬಾ ಜನ ನೆಟ್ ಹಾಕಿಸಿದ ಫೋಟೋ ನೋಡದೆ ಬೆಕ್ಕು ಕೊಡುವುದಿಲ್ಲ. ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಹಾಗೆ ಬಿದ್ದ ಬೆಕ್ಕುಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಅವರೇ.

ಮುಂದಿನದಕ್ಕೆ ದುಡ್ಡು ಬೇಡ, ಜಾಗ ಬೇಕು. ಒಂದು ಚಿಕ್ಕ ರೂಮು, ಅಥವಾ ರೂಮಿನ ಒಂದು ಮೂಲೆ. ಈ ಬೆಕ್ಕು ರಸ್ತೆಯಲ್ಲಿ ಇತ್ತು, ಯಾರೋ ಹಿಡಿದರು, ಬೋನಿನಲ್ಲಿ ಕೂರಿಸಿದರು, ಇನ್ನೊಬ್ಬರ ಮನೆಯಲ್ಲಿ ಇತ್ತು, ಈಗ ನಿಮ್ಮ ಮನೆ. ಬಂದ ದಿನ ಅದಕ್ಕೆ ಬೇಕಾಗುವುದು ಅಡಗಿಕೊಳ್ಳಲು ಒಂದು ಜಾಗ. ಮಿಕ್ಸಿ ತಗೊಂಡಾಗ ಬಂದ ರಟ್ಟಿನ ಡಬ್ಬ ಅಟ್ಟದ ಮೇಲೆ ಇರುತ್ತದಲ್ಲ, ಅದಕ್ಕೆ ಎರಡು ಕಡೆ ತೂತು ಮಾಡಿ ಹಳೇ ಕಾಟನ್ ಸೀರೆ ಹಾಸಿ. ಎರಡು ಕಡೆ ಯಾಕೆ ಅಂದರೆ, ಒಂದು ಕಡೆ ಯಾರಾದರೂ ಬಂದರೆ ಇನ್ನೊಂದು ಕಡೆಯಿಂದ ಹೋಗಬಹುದು ಅಂತ ಗೊತ್ತಿದ್ದರೆ ಅದಕ್ಕೆ ಧೈರ್ಯ. ನೆದರ್ಲೆಂಡ್ಸ್‌ನ ಒಂದು ಪ್ರಾಣಿ ಆಶ್ರಯತಾಣದಲ್ಲಿ ಇದನ್ನೇ ಪರೀಕ್ಷೆ ಮಾಡಿ 2014ರಲ್ಲಿ ವರದಿ ಕೊಟ್ಟರು. ಹೊಸದಾಗಿ ಬಂದ ಬೆಕ್ಕುಗಳಲ್ಲಿ ಅಡಗುವ ಡಬ್ಬ ಸಿಕ್ಕವು ಬೇರೆಯವಕ್ಕಿಂತ ಬೇಗ ಸಮಾಧಾನವಾದವು. ನಿಮ್ಮ ಮಗಳ ಪಟ್ಟಿಯಲ್ಲಿರುವ ಮೆತ್ತನೆಯ ಹಾಸಿಗೆಯ ಕೆಲಸವನ್ನು ಈ ಡಬ್ಬವೇ ಮಾಡುತ್ತದೆ. ಮಗಳಿಗೆ ಒಂದು ಕೆಲಸ ಹೇಳಿ. ದಿನಾ ಸಂಜೆ ಆ ರೂಮಿನಲ್ಲಿ ನೆಲದ ಮೇಲೆ ಕೂತು ಹೋಂವರ್ಕ್ ಮಾಡಲಿ, ಬೇಕಿದ್ದರೆ ಜೋರಾಗಿ ಓದಲಿ. ಡಬ್ಬದೊಳಗೆ ಕೈ ಹಾಕಬಾರದು, ಎಳೆಯಬಾರದು. ಬೆಕ್ಕೇ ಬಂದು ಅವಳ ಮೊಣಕಾಲು ಮೂಸಿ ನೋಡುವ ದಿನ ಬರುತ್ತದೆ.

ಇನ್ನು ಲಿಟರ್ ಬಾಕ್ಸ್, ಅಂದರೆ ಬೆಕ್ಕು ಕಕ್ಕಸ್ಸಿಗೆ ಹೋಗಲು ಮರಳಿನಂಥ ಲಿಟರ್ ತುಂಬಿಡುವ ಟಬ್. ಪೆಟ್ ಅಂಗಡಿಯದೇ ಆಗಬೇಕು ಅಂತೇನಿಲ್ಲ. ಕೆ.ಆರ್. ಮಾರ್ಕೆಟ್ ಹತ್ತಿರವೋ ನಿಮ್ಮ ಬಡಾವಣೆಯ ಪ್ಲಾಸ್ಟಿಕ್ ಅಂಗಡಿಯಲ್ಲೋ ಸಿಗುವ ಅಗಲವಾದ ಟಬ್ ಸಾಕು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಇರಲಿ. ಅಂಗಡಿಯ ಬಾಕ್ಸುಗಳು ಬಹಳಷ್ಟು ಇದಕ್ಕಿಂತ ಚಿಕ್ಕವು. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಬಾಕ್ಸ್ ಜಾಸ್ತಿ ಇಡಬೇಕು ಅನ್ನುವುದು ಡಾಕ್ಟರುಗಳು ಹೇಳುವ ಲೆಕ್ಕ, ಅಂದರೆ ನಿಮಗೆ ಎರಡು. ಎರಡರಿಂದ ಮೂರು ಇಂಚು ಲಿಟರ್ ಹಾಕಿ. ಯಾವ ಲಿಟರ್? ಈಗ ಅದು ಇರುವ ಮನೆಯಲ್ಲಿ ಯಾವುದನ್ನು ಬಳಸುತ್ತಿದ್ದಾರೋ ಅದೇ. ಫೋನ್ ಮಾಡಿ ಕೇಳಿ. ಬೀದಿಯಲ್ಲಿ ಬೆಳೆದ ಬೆಕ್ಕಾದ್ದರಿಂದ ಮೊದಲ ವಾರ ಮೇಲೆ ಒಂದು ಹಿಡಿ ಮಣ್ಣು ಉದುರಿಸಿದರೆ ಬೇಗ ಅರ್ಥ ಮಾಡಿಕೊಳ್ಳುತ್ತದೆ. ವಾಷಿಂಗ್ ಮೆಷಿನ್ ಪಕ್ಕ ಇಡಬೇಡಿ, ಅದು ಒಮ್ಮೆ ಗುಡುಗಿತು ಅಂದರೆ ಬೆಕ್ಕು ಆ ಕಡೆ ಮತ್ತೆ ಹೋಗುವುದಿಲ್ಲ. ತಟ್ಟೆಯ ಪಕ್ಕವೂ ಬೇಡ. ದಿನಕ್ಕೆ ಎರಡು ಸಲ ಬಾಚಿ ತೆಗೆಯಿರಿ. ತೆಗೆದದ್ದನ್ನು ಕಮೋಡಿಗೆ ಹಾಕಿದರೆ ಜೇಡಿಯ ಲಿಟರ್ ಪೈಪಿನಲ್ಲಿ ಗಟ್ಟಿಯಾಗುತ್ತದೆ. ಹಸಿ ಕಸಕ್ಕೂ ಹಾಕಬೇಡಿ. ಪೇಪರಿನಲ್ಲಿ ಸುತ್ತಿ ಡೈಪರ್, ಪ್ಯಾಡ್ ಕಸದ ಜೊತೆ ಕೊಡಿ.

ಬೆಕ್ಕನ್ನು ಕೂರಿಸಿ ಕರೆದುಕೊಂಡು ಹೋಗುವ ಪೆಟ್ಟಿಗೆ, ಅಂದರೆ ಕ್ಯಾರಿಯರ್ ಬೇಕೇ ಬೇಕು, ಇದರಲ್ಲಿ ಉಳಿತಾಯ ಮಾಡಬೇಡಿ. ಗಟ್ಟಿ ಪ್ಲಾಸ್ಟಿಕ್‌ನದು, ಮೇಲಿನಿಂದಲೂ ತೆಗೆಯುವಂಥದ್ದು ತಗೊಳ್ಳಿ. ಬಟ್ಟೆಯ ಬ್ಯಾಗಿನ ಜಿಪ್ ಅನ್ನು ಹೆದರಿದ ಬೆಕ್ಕು ಸಿಗ್ನಲ್‌ನಲ್ಲಿ ನಿಂತ ಆಟೋದೊಳಗೇ ಕಿತ್ತು ಹೊರಗೆ ಬರಬಲ್ಲದು, ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅದನ್ನು ಎಲ್ಲಿ ಅಂತ ಹುಡುಕುತ್ತೀರಿ? ಮೇಲೆ ಒಂದು ಟವೆಲ್ ಹೊದಿಸಿ. ಬೈಕಿನಲ್ಲಿ ಖಂಡಿತಾ ಬೇಡ. ಮನೆಗೆ ಬಂದ ಮೇಲೂ ಅದನ್ನು ಅಟ್ಟಕ್ಕೆ ಹಾಕದೆ ಬಾಗಿಲು ತೆರೆದು ರೂಮಿನಲ್ಲೇ ಇಡಿ. ಅದರಲ್ಲೇ ಮಲಗಿ ಅಭ್ಯಾಸವಾದರೆ ಡಾಕ್ಟರ ಹತ್ತಿರ ಹೋಗುವ ದಿನ ಜಗಳ ಇರುವುದಿಲ್ಲ.

ತಟ್ಟೆ ಬಟ್ಟಲು ಮನೆಯಲ್ಲಿರುವ ಸ್ಟೀಲಿನವೇ ಸಾಕು. ಮೀಸೆ ತಾಗದಷ್ಟು ಅಗಲ ಇರಲಿ, ನೀರು ಊಟದಿಂದ ದೂರ ಇರಲಿ. ಉಗುರು ಕೆರೆಯಲು ಏನಾದರೂ ಬೇಕು, ಇಲ್ಲದಿದ್ದರೆ ನಿಮ್ಮ ಸೋಫಾ ಇದೆಯಲ್ಲ. ಮೂರು ಅಡಿ ಎತ್ತರದ ಮರದ ತುಂಡಿಗೆ ಗೋಣಿಚೀಲ ಬಿಗಿಯಾಗಿ ಸುತ್ತಿ ಮೊಳೆ ಹೊರಗೆ ಚಾಚದ ಹಾಗೆ ಹೊಡೆದರೆ, ಅಥವಾ ತೆಂಗಿನ ನಾರಿನ ಹಗ್ಗ ಸುತ್ತಿದರೆ ಆಯಿತು. ಅಲುಗಾಡಬಾರದು. ಮೈ ಪೂರ್ತಿ ಚಾಚಿ ಕೆರೆಯುವಷ್ಟು ಎತ್ತರ ಇರಬೇಕು. ಬಟ್ಟೆ ಬೇಡವೇ ಬೇಡ. ಗೆಜ್ಜೆಯ ಕಾಲರ್ ಕೂಡ ಬೇಡ, ಕಾಲರ್ ಹಾಕಲೇಬೇಕು ಅಂದರೆ ಎಲ್ಲಾದರೂ ಸಿಕ್ಕಿಕೊಂಡಾಗ ತಾನೇ ಬಿಚ್ಚಿಕೊಳ್ಳುವ ಬಕಲ್ ಇರುವಂಥದ್ದು ಹಾಕಿ. ಕಾರಂಜಿ, ಸ್ಟ್ಯಾಂಡ್ ಎಲ್ಲ ಆರು ತಿಂಗಳಾದ ಮೇಲೆ ನೋಡೋಣ. ಆಟಕ್ಕೆ ಪೇಪರ್ ಉಂಡೆ ಸಾಕು.

ಮನೆಯಿಂದ ತೆಗೆಯಬೇಕಾದ್ದು ತರುವುದಕ್ಕಿಂತ ಜಾಸ್ತಿ ಇದೆ. ದಾರ ಮೊದಲನೆಯದು. ಸೂಜಿದಾರ, ರಬ್ಬರ್ ಬ್ಯಾಂಡ್, ಮುಡಿದು ಬಿಚ್ಚಿಟ್ಟ ಮಲ್ಲಿಗೆ ಹೂವಿನ ದಾರ. ಬೆಕ್ಕಿನ ನಾಲಿಗೆಯ ಮುಳ್ಳು ಒಳಮುಖವಾಗಿರುವುದರಿಂದ ಒಮ್ಮೆ ಬಾಯಿಗೆ ಹೋದ ದಾರವನ್ನು ಉಗಿಯಲು ಬರುವುದಿಲ್ಲ, ನುಂಗುತ್ತಾ ಹೋಗುತ್ತದೆ, ಕರುಳು ಸುಕ್ಕುಗಟ್ಟಿ ಆಪರೇಷನ್ ಮಾಡಬೇಕಾಗುತ್ತದೆ. ನೆಲ ಒರೆಸಲು ಫಿನಾಯಿಲ್ ನಿಲ್ಲಿಸಿ. ಆ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಕರಗಿಸಲಾರದು, ಮತ್ತು ಅದು ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕುತ್ತದೆ. ಬೀರುವಿನ ನುಸಿಗುಳಿಗೆಯೂ ವಿಷ. ಮನಿ ಪ್ಲಾಂಟ್ ಜಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ಹೂಗುಚ್ಛದಲ್ಲಿ ಬರುವ ಲಿಲ್ಲಿ ಹೂವಂತೂ ಮನೆಯೊಳಗೇ ಬರಬಾರದು, ಅದರ ಪರಾಗ ಮೈಮೇಲೆ ಬಿದ್ದು ನೆಕ್ಕಿದರೂ ಕಿಡ್ನಿ ಹೋಗುತ್ತದೆ. ಜ್ವರ ಬಂದಿದೆ ಅಂತ ಮನುಷ್ಯರ ಪ್ಯಾರಾಸಿಟಮಾಲ್ ಒಂದು ಚೂರು ಕೊಟ್ಟರೂ ಬೆಕ್ಕು ಸಾಯಬಹುದು. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧಿಯೂ ಅಷ್ಟೇ.

ನೆಟ್ ಹಾಕಿಸಿ ಉಳಿದ ದುಡ್ಡಿನಲ್ಲಿ ದೊಡ್ಡ ಪಾಲನ್ನು ಡಾಕ್ಟರಿಗೆ ಅಂತ ಬೇರೆ ತೆಗೆದಿಡಿ. ದತ್ತು ಕೊಡುವವರಿಂದ ಲಸಿಕೆಯ ಕಾರ್ಡ್ ಕೇಳಿ. ರೇಬಿಸ್‌ದೂ ಇರಬೇಕು, ಬೆಕ್ಕುಗಳ ಮೂರು ವೈರಸ್ ಕಾಯಿಲೆಗೆ ಸೇರಿಸಿ ಕೊಡುವ ಲಸಿಕೆಯೂ ಇರಬೇಕು. ಜಂತುಹುಳದ ಔಷಧಿ ಯಾವತ್ತು ಕೊಟ್ಟರು, ಸಂತಾನಹರಣ ಆಗಿದೆಯಾ ಅಂತ ಕೇಳಿ. ಒಂದು ಕಿವಿಯ ತುದಿ ಕತ್ತರಿಸಿದ ಹಾಗಿದ್ದರೆ ಅದು ಗಾಯವಲ್ಲ, ಆಪರೇಷನ್ ಆಗಿದೆ ಅನ್ನುವ ಗುರುತು. ಆಗಿಲ್ಲದಿದ್ದರೆ ತಡ ಮಾಡಬೇಡಿ, ಬೆಕ್ಕಿನ ಬಸಿರು ಒಂಬತ್ತು ವಾರ ಮಾತ್ರ. ನಿಮ್ಮ ಹತ್ತಿರ ಬೆಕ್ಕು ನೋಡುವ ಡಾಕ್ಟರು ಯಾರು, ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು ಅಂತ ಬೆಕ್ಕು ಬರುವ ಮೊದಲೇ ತಿಳಿದುಕೊಂಡು ನಂಬರ್ ಬರೆದಿಡಿ. ಖರ್ಚು ಭಾರ ಅನಿಸಿದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಪ್ರಶ್ನೆ: ನನಗೆ ಅರವತ್ತೆಂಟು ವರ್ಷ. ಮಲ್ಲೇಶ್ವರದಲ್ಲಿ ಒಬ್ಬಳೇ ಇದ್ದೇನೆ. ಮೊಮ್ಮಗ ಒಂದು ಅನಾಥ ಬೆಕ್ಕು ತಂದುಕೊಡುತ್ತೇನೆ ಅನ್ನುತ್ತಾನೆ, ನನಗೂ ಆಸೆ. ಆದರೆ ನಮ್ಮದು ಸಸ್ಯಾಹಾರದ ಮನೆ. ಊರಲ್ಲಿ ನಮ್ಮಮ್ಮ ಹಾಲನ್ನ, ಮೊಸರನ್ನ ಹಾಕಿಯೇ ಬೆಕ್ಕು ಸಾಕಿದ್ದರು. ಈಗಲೂ ಹಾಗೇ ಮಾಡಬಹುದಲ್ಲವಾ?

ಉತ್ತರ: ಅಮ್ಮ, ನಿಮ್ಮ ಊರಿನ ಬೆಕ್ಕು ಹಗಲು ಹಾಲನ್ನ ತಿನ್ನುತ್ತಿದ್ದದ್ದು ನಿಜ. ರಾತ್ರಿ ಅದು ಅಟ್ಟದ ಇಲಿ, ಗೋಡೆಯ ಹಲ್ಲಿ ಹಿಡಿದು ತಿನ್ನುತ್ತಿತ್ತು. ಅದರ ನಿಜವಾದ ಊಟ ಅದೇ ಆಗಿತ್ತು. ಮಲ್ಲೇಶ್ವರದ ಮನೆಯೊಳಗೆ ಕೂಡಿಟ್ಟ ಬೆಕ್ಕಿಗೆ ಆ ಇಲಿ ಇಲ್ಲ. ಮೊಸರನ್ನ ಮಾತ್ರ ಹಾಕಿದರೆ ಅದು ನಿಮ್ಮ ಕಣ್ಣೆದುರಿಗೇ ಸೊರಗುತ್ತದೆ.

ಮಾಂಸದಲ್ಲಿ ಟಾರಿನ್ ಅನ್ನುವ ಅಂಶ ಇದೆ. ನಾವು ಅದನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತೇವೆ, ಬೆಕ್ಕಿಗೆ ಸಾಕಷ್ಟು ತಯಾರಿಸಲು ಬರುವುದಿಲ್ಲ. ಅದು ಕಡಿಮೆಯಾದರೆ ಮೊದಲು ಕಣ್ಣು ಹೋಗುತ್ತದೆ, ಹೃದಯವೂ ಸೋಲುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ನಂಟನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ಆಮೇಲೆಯೇ ಬೆಕ್ಕಿನ ತಿನಿಸು ಮಾಡುವ ಕಂಪನಿಗಳು ಅದನ್ನು ಜಾಸ್ತಿ ಸೇರಿಸಲು ಶುರು ಮಾಡಿದ್ದು. ಹಾಲು ಕೂಡ ದೊಡ್ಡ ಬೆಕ್ಕುಗಳಿಗೆ ಸಾಮಾನ್ಯವಾಗಿ ಅರಗುವುದಿಲ್ಲ, ಭೇದಿಯಾಗುತ್ತದೆ.

ಒಂದು ದಾರಿ ಇದೆ. ಒಣ ತಿನಿಸು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕಾಳಿನ ಹಾಗೆ ಇರುತ್ತದೆ. ಅದರಲ್ಲಿ ಮಾಂಸ, ಮೀನು ಇದ್ದೇ ಇರುತ್ತದೆ, ಇಲ್ಲ ಅಂತ ಹೇಳಿ ನಿಮಗೆ ಮೋಸ ಮಾಡಲಾರೆ. ಆದರೆ ನೀವು ಏನನ್ನೂ ಬೇಯಿಸಬೇಕಿಲ್ಲ. ಮುಚ್ಚಳ ಬಿಗಿಯಾಗಿರುವ ಡಬ್ಬಕ್ಕೆ ತುಂಬಿ ಹಿಂದಿನ ಯುಟಿಲಿಟಿಯಲ್ಲಿ ಇಡಿ, ಅದಕ್ಕೇ ಬೇರೆ ಚಮಚ, ಬೇರೆ ತಟ್ಟೆ. ಅಡುಗೆಮನೆಗೂ ದೇವರ ಮನೆಗೂ ಬರುವುದಿಲ್ಲ. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತಿದೆ. ನಾಯಿಯ ತಿನಿಸು ಅಗ್ಗ ಅಂತ ಅದನ್ನು ತರಿಸಬೇಡಿ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಇದಕ್ಕೂ ನಿಮ್ಮ ಮನಸ್ಸು ಒಪ್ಪುವುದಿಲ್ಲ ಅಂದರೆ ಬೆಕ್ಕು ತರಿಸಬೇಡಿ ಅಮ್ಮ. ನಿಮ್ಮ ನೇಮವೂ ಉಳಿಯಲಿ, ಬೆಕ್ಕಿನ ಕಣ್ಣೂ ಉಳಿಯಲಿ.

ಪ್ರಶ್ನೆ: ಸೊಸೆ ಮೂರು ತಿಂಗಳ ಬಸುರಿ. ಮನೆಗೆ ಬೆಕ್ಕು ಬರುವುದು ಮೊದಲೇ ನಿಶ್ಚಯವಾಗಿತ್ತು. ಬೆಕ್ಕಿನಿಂದ ಮಗುವಿಗೆ ತೊಂದರೆ ಅಂತ ನೆಂಟರೆಲ್ಲ ಹೆದರಿಸುತ್ತಿದ್ದಾರೆ. ಬೇಡ ಅಂದುಬಿಡಲಾ? (ರಾಜಾಜಿನಗರ)

ಉತ್ತರ: ಹೆದರಿಕೆ ಸುಳ್ಳಲ್ಲ, ಆದರೆ ಅದು ಇರುವುದು ಬೆಕ್ಕಿನ ಮಲದಲ್ಲಿ. ಟೊಕ್ಸೊಪ್ಲಾಸ್ಮಾ ಅಂತ ಒಂದು ಪರಾವಲಂಬಿ. ಮಲದಲ್ಲಿ ಹೊರಗೆ ಬಂದ ಮೇಲೆ ಅದು ಸೋಂಕು ಹಚ್ಚುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಅದಕ್ಕೇ ಬಾಕ್ಸನ್ನು ದಿನಾ ಸ್ವಚ್ಛ ಮಾಡಬೇಕು, ಮತ್ತು ಆ ಕೆಲಸ ನಿಮ್ಮ ಮಗನದು. ಹೆರಿಗೆ ಆಗುವವರೆಗೆ ಸೊಸೆ ಅದನ್ನು ಮುಟ್ಟುವುದೇ ಬೇಡ. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಹೊರಗೆ ಬೇಟೆಗೆ ಬಿಡಬೇಡಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಕೈತೋಟದ ಮಣ್ಣು, ಇವುಗಳಿಂದಲೂ ಇದೇ ಸೋಂಕು ಬರುತ್ತದೆ ಅನ್ನುವುದನ್ನು ನೆಂಟರಿಗೆ ಹೇಳಿ. ಸೊಸೆಯನ್ನು ನೋಡುತ್ತಿರುವ ಡಾಕ್ಟರಿಗೆ ಮನೆಗೆ ಬೆಕ್ಕು ಬರುವ ವಿಷಯ ತಿಳಿಸಿ, ಅವರು ರಕ್ತ ಪರೀಕ್ಷೆ ಬೇಕಾ ಅಂತ ಹೇಳುತ್ತಾರೆ. ಬೆಕ್ಕನ್ನು ಮುದ್ದು ಮಾಡಿ ಕೈ ತೊಳೆದುಕೊಂಡರೆ ತೊಂದರೆ ಇಲ್ಲ. ಬಾಕ್ಸ್ ತೆಗೆಯಲು ಮನೆಯಲ್ಲಿ ಬೇರೆ ಯಾರೂ ಸಿದ್ಧರಿಲ್ಲ ಅಂದರೆ ಮಾತ್ರ ಹೆರಿಗೆ ಆಗುವವರೆಗೆ ಮುಂದೂಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಪ್ರಾಣಿ ಸಾಕುವಂತಿಲ್ಲ ಅಂತ ನೋಟಿಸ್ ಹಾಕಿದ್ದಾರೆ. ಸಾಮಾನೆಲ್ಲ ತಂದಾಗಿದೆ. ಈಗೇನು ಮಾಡಲಿ? (ಎಚ್‌ಎಸ್‌ಆರ್ ಲೇಔಟ್)

ಉತ್ತರ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ನಾಯಿಗಳ ವಿಷಯವಾಗಿ ಅಸೋಸಿಯೇಷನ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಬಹುಮತ ಇದ್ದರೂ ಸಾಕುವುದನ್ನು ಪೂರ್ತಿ ನಿಷೇಧಿಸುವಂತಿಲ್ಲ ಅಂತ ಅದರಲ್ಲಿದೆ. ಮನೆಯಿಂದ ಹೊರಗೇ ಬಾರದ ಬೆಕ್ಕಿನ ವಿಷಯದಲ್ಲಿ ಇದೇ ಮಾತನ್ನು ನೀವು ಇನ್ನೂ ಗಟ್ಟಿಯಾಗಿ ಹೇಳಬಹುದು. ಅದರ ಪ್ರತಿ ತೆಗೆದುಕೊಂಡು ಹೋಗಿ, ಜೊತೆಗೆ ಲಸಿಕೆ ಕಾರ್ಡ್ ಮತ್ತು ನೆಟ್ ಹಾಕಿಸಿದ ಫೋಟೋ. ಸೆಕ್ರೆಟರಿ ಹತ್ತಿರ ಕೂತು ಸಮಾಧಾನವಾಗಿ ಮಾತಾಡಿ. ನೀವು ಬಾಡಿಗೆಗೆ ಇದ್ದರೆ ಮಾತ್ರ ಅಗ್ರಿಮೆಂಟ್ ಓದಿ ನೋಡಿ. ಪ್ರಾಣಿ ಸಾಕುವುದಿಲ್ಲ ಅಂತ ಸಹಿ ಹಾಕಿದ್ದರೆ ಅದು ಬೇರೆ ವಿಷಯ, ಓನರ್ ಒಪ್ಪದೆ ಬೆಕ್ಕು ತರಬೇಡಿ. ತಂದ ಮೇಲೆ ಬೀದಿಗೆ ಬಿಟ್ಟರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ.

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ನಮ್ಮ ಬೆಕ್ಕಿನ ಮರಿ ವಾಂತಿ ಭೇದಿಯಾಗಿ ಸತ್ತುಹೋಯಿತು. ಪಾರ್ವೊ ವೈರಸ್ ಅಂದರು ಡಾಕ್ಟರು. ಅದರ ಟಬ್, ಹಾಸಿಗೆ, ತಟ್ಟೆ ಎಲ್ಲ ಹಾಗೇ ಇಟ್ಟಿದ್ದೇನೆ. ಈಗ ಇನ್ನೊಂದು ರೆಸ್ಕ್ಯೂ ಮರಿ ತರುತ್ತಿದ್ದೇವೆ, ಅದಕ್ಕೇ ಬಳಸಬಹುದಾ? (ಕೆಂಗೇರಿ)

ಉತ್ತರ: ಬಳಸಬೇಡಿ. ಇಟ್ಟುಕೊಂಡಿದ್ದೀರಿ ಅಂದರೆ ಆ ಮರಿಯ ಮೇಲೆ ಎಷ್ಟು ಪ್ರೀತಿ ಇತ್ತು ಅಂತ ಅರ್ಥವಾಗುತ್ತದೆ. ಆದರೆ ಆ ವೈರಸ್ ನೆಲ, ಬಟ್ಟೆ, ಪ್ಲಾಸ್ಟಿಕ್ ಮೇಲೆ ಒಂದು ವರ್ಷದವರೆಗೂ ಬದುಕಿರಬಲ್ಲದು. ಹಾಸಿಗೆ, ಟಬ್, ಆಟದ ಸಾಮಾನು ಬಿಸಾಡಿ. ಸ್ಟೀಲ್ ತಟ್ಟೆ ಮತ್ತು ನೆಲವನ್ನು ಮೊದಲು ಸೋಪಿನಲ್ಲಿ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತೆರಡು ಪಾಲು ನೀರು ಬೆರೆಸಿ, ಅದನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಇಷ್ಟು ಮಾಡಿದರೂ ಲಸಿಕೆ ಮುಗಿಯದ ಮರಿ ಬೇಡ. ಲಸಿಕೆ ಪೂರ್ತಿಯಾಗಿರುವ ದೊಡ್ಡ ಬೆಕ್ಕನ್ನು ಕೇಳಿ. ದೊಡ್ಡ ಬೆಕ್ಕುಗಳನ್ನು ಕೇಳುವವರು ಕಡಿಮೆ, ಅವು ತುಂಬಾ ದಿನ ಕಾಯುತ್ತಾ ಇರುತ್ತವೆ.

ಪ್ರಶ್ನೆ: ಅಕ್ಕಾ, ನೀವು ಹೇಳುವ ಎಲ್ಲ ಸಾಮಾನು ತಂದಿದ್ದೆ. ಬೆಕ್ಕು ಶುಕ್ರವಾರ ಬಂತು. ಮಂಚದ ಕೆಳಗೆ ಹೋಗಿ ಕೂತಿದ್ದು ಇನ್ನೂ ಬಂದಿಲ್ಲ. ಇವತ್ತು ಭಾನುವಾರ. ತಟ್ಟೆ ಹಾಗೇ ಇದೆ. ನಾನು ಏನು ತಪ್ಪು ಮಾಡಿದೆ? (ಯಲಹಂಕ)

ಉತ್ತರ: ತಮ್ಮಾ, ನಿನ್ನ ಪತ್ರ ಬಂದ ದಿನವೇ ಉತ್ತರ ಕಳಿಸಿದ್ದೇನೆ, ಬೇರೆಯವರಿಗೂ ಬೇಕಾಗುತ್ತದೆ ಅಂತ ಇಲ್ಲಿ ಹಾಕಿದ್ದೇನೆ. ತಪ್ಪು ನಿನ್ನದಲ್ಲ. ಮಂಚದ ಕೆಳಗೆ ಕೂತಿದ್ದು ಸಹಜ, ವಾರಗಟ್ಟಲೆ ಕೂತ ಬೆಕ್ಕುಗಳೂ ಇವೆ. ಆದರೆ ಊಟ ಬಿಟ್ಟಿದ್ದು ಹಾಗಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಬೆಕ್ಕಿನ ಲಿವರಿಗೆ ಕೊಬ್ಬು ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ. ಈಗಲೇ ದತ್ತು ಕೊಟ್ಟವರಿಗೆ ಫೋನ್ ಮಾಡು, ಅವರು ಯಾವ ತಿನಿಸು ಹಾಕುತ್ತಿದ್ದರು ಅಂತ ಕೇಳಿ ಅದನ್ನೇ ತಾ. ಹೊಸ ತಿನಿಸಿಗೆ ಬದಲಾಯಿಸುವುದು ಆಮೇಲೆ, ಒಂದು ವಾರ ಹತ್ತು ದಿನ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ. ಅವರ ಮನೆಯಲ್ಲಿ ಅದು ಮಲಗುತ್ತಿದ್ದ ಬಟ್ಟೆಯ ತುಂಡು ಇದ್ದರೆ ಅದನ್ನೂ ತಗೊಂಡು ಬಾ. ಪೌಚ್‌ನಲ್ಲಿ ಬರುವ ಒದ್ದೆ ತಿನಿಸನ್ನು ಸ್ವಲ್ಪ ಬೆಚ್ಚಗೆ ಮಾಡಿ ಮಂಚದ ಕೆಳಗೇ ಇಟ್ಟು, ದೀಪ ಆರಿಸಿ, ಬಾಗಿಲು ಹಾಕಿ ಹೊರಗೆ ಬಾ. ತುಂಬಾ ಬೆಕ್ಕುಗಳು ರಾತ್ರಿ ಮನೆ ಸದ್ದಡಗಿದ ಮೇಲೇ ತಿನ್ನುವುದು. ಬೆಳಿಗ್ಗೆ ತಟ್ಟೆಯ ಜೊತೆ ಲಿಟರ್ ಬಾಕ್ಸನ್ನೂ ನೋಡು, ಒದ್ದೆಯಾಗಿದೆಯಾ ಅಂತ. ಎರಡೂ ಹಾಗೇ ಇದ್ದರೆ ಇನ್ನು ಕಾಯಬೇಡ. ಕೈ ಹಾಕಿ ಎಳೆಯದೆ ದಪ್ಪ ಟವೆಲ್ ಹೊದಿಸಿ ಎತ್ತಿ ಕ್ಯಾರಿಯರ್‌ಗೆ ಹಾಕಿಕೊಂಡು ಸೋಮವಾರ ಬೆಳಿಗ್ಗೆಯೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗು, ಯಲಹಂಕದಿಂದ ಹತ್ತಿರವೇ. ಹೋಗುವಾಗ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ನೀನೂ ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೋ. ಏನಾಯಿತು ಅಂತ ಮರೆಯದೆ ಬರೆ.